ಕೆಂಪು ಸೆರಗಿಲ್ಲದ ಹೀರೋ

ಹಾರುವ ಹೀರೋನ ಸಿನಿಮಾ ಬಂತೆಂದರೆ ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ಒಂದು ದಿನ ಬಂದ್. ಇದು ನಾನು ಹತ್ತನೇ ವಯಸ್ಸಿನಲ್ಲಿ ಮಾಡಿಕೊಂಡ ಕಾನೂನು. ಐವತ್ತು ಹತ್ತಿರ ಬಂದರೂ ತಿದ್ದುಪಡಿ ಆಗಿಲ್ಲ. ಆ ಹೀರೋನ ಬೆನ್ನ ಹಿಂದೆ ಹಾರಾಡುವ ಕೆಂಪು ಬಟ್ಟೆ ನಮ್ಮ ಸೀರೆಯ ಸೆರಗೇ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಸೀರೆಯ ಮೈ ಯಾವ ಬಣ್ಣದ್ದೇ ಇರಲಿ, ಸೆರಗು ಮಾತ್ರ ಕೆಂಪು ಎನ್ನುವುದು ನಮ್ಮ ಓಣಿಯ ಪದ್ಧತಿ. ಅದನ್ನು ಪಾಲಿಸುತ್ತಾನೆ ಅಂದಮೇಲೆ ಅವನು ನಮ್ಮವನೇ. ಅವ್ವನ ಸೀರೆಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮಾಳಿಗೆಯ ಮೆಟ್ಟಿಲಿನಿಂದ ಹಾರಿ ಹಲ್ಲೊಂದನ್ನು ಮುರಿದುಕೊಂಡೆ. ಆ ಜಾಗ ಇವತ್ತಿಗೂ ಖಾಲಿ ಇದೆ.

ಈಗ ನನ್ನ ಜೊತೆ ಮಗ್ಗಕ್ಕೆ ಕೂರುವವಳು ಮಗಳು. ಡಿಗ್ರಿ ಮುಗಿಸಿ ನೇಯ್ಗೆ ಕಲಿತವಳು ಒಂದು ದಿನ ಹಾಳೆಯ ಮೇಲೆ ಸೀರೆಯೊಂದನ್ನು ಬರೆದು ತಂದಳು. ಕಪ್ಪು ಮೈ, ಬೂದಿ ಬಣ್ಣದ ಸೆರಗು. ಕೆಂಪು ಒಂದೆಳೆಯೂ ಇರಲಿಲ್ಲ.

"ಇದನ್ನ ಯಾರ ಉಡತಾರವ್ವಾ?" ಎಂದೆ.

"ನಾ ಉಡತೀನಿ," ಎಂದಳು.

ನಾಲ್ಕು ದಿನ ಜಟಾಪಟಿ ನಡೆದು ಕೊನೆಗೆ ಒಪ್ಪಂದವಾಯಿತು. ನಮ್ಮ ಸೀರೆ ಕೊಳ್ಳುವ ಗದಗಿನ ವ್ಯಾಪಾರಿ ಮುಂದಿನ ಸಲ ಬರುವುದರೊಳಗೆ ಅವಳು ಆ ಸೀರೆ ನೇಯ್ದು ತೋರಿಸಬೇಕು. ಅವರು ಒಪ್ಪಿದರೆ ಮಗ್ಗದಲ್ಲೇ ಉಳಿಯುವುದು, ಇಲ್ಲದಿದ್ದರೆ ಮೊಬೈಲ್ ಅಂಗಡಿಯ ಕೌಂಟರ್ ಕೆಲಸ. ಆ ಕೆಲಸದ ಹೆಸರೆತ್ತಿದರೇ ಅವಳ ಮುಖ ಬಾಡುತ್ತಿತ್ತು. ಗೊತ್ತಿದ್ದೂ ಷರತ್ತು ಹಾಕಿದವನು ನಾನೇ.

ಅದೇ ವಾರ ನನ್ನ ಹೀರೋನ ಹೊಸ ಸಿನಿಮಾ ಬಂತು. ನಾನು, ಮಗಳು, ಮಲ್ಲಸಮುದ್ರದ ಟೇಲರ್ ಗೆಳೆಯ ಮೂವರೂ ಗದಗಿನ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಕುಳಿತೆವು. ಪರದೆಯ ಮೇಲೆ ಬಂದವನನ್ನು ನೋಡಿ ನನಗೆ ದಿಕ್ಕೇ ತೋಚಲಿಲ್ಲ. ಗಡ್ಡ ಬಿಟ್ಟಿದ್ದಾನೆ, ಮಸಿ ಬಣ್ಣದ ಕೋಟು ಹಾಕಿದ್ದಾನೆ, ಬೆನ್ನ ಮೇಲೆ ಏನೂ ಇಲ್ಲ. ಶಕ್ತಿಯೆಲ್ಲ ಹೋಗಿ ಒಬ್ಬ ಜೇಬುಗಳ್ಳನ ಕೈಲಿ ಏಟು ತಿನ್ನುತ್ತಾನೆ. "ಹಾರಲೇ, ಒಮ್ಮೆರೆ ಹಾರು," ಎಂದು ಹಿಂದಿನ ಸಾಲಿನವರು ಗೋಗರೆದರು. ಅವನು ಹಾರಲಿಲ್ಲ.

ಇಂಟರ್ವಲ್ಲಿನಲ್ಲಿ ಟೇಲರ್ ಎದ್ದೇ ಬಿಟ್ಟ. "ಇಂವ ನಮ್ಮ ಹೀರೋ ಅಲ್ಲಲೇ. ಯಾವನೋ ಸುಡಗಾಡಿನಿಂದ ಎದ್ದು ಬಂದಾನ. ನಡಿ, ಚಾ ಕುಡಿಯೂಣು."

ನಾನೂ ಎದ್ದೆ. ಆದರೆ ಮಗಳು ಏಳಲಿಲ್ಲ, ನನ್ನ ಕೈಯಲ್ಲಿ ಚುರುಮುರಿಯ ಗಿರ್ಮಿಟ್ ಅರ್ಧ ಉಳಿದಿತ್ತು. ಹಾಗಾಗಿ ಕುಳಿತೆ.

ಆಮೇಲೆ ಪರದೆಯ ಮೇಲೆ ಬೆಂಕಿ ಬಿದ್ದ ಕಟ್ಟಡವೊಂದು ಬಂತು. ಲಿಫ್ಟು ಕೆಟ್ಟಿದೆ, ಹಾರಲು ಬರುವುದಿಲ್ಲ. ಅವನು ಒಬ್ಬ ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಹದಿನಾಲ್ಕು ಮಹಡಿ ಇಳಿದ. ಪ್ರತಿ ಮಹಡಿಗೂ ನಿಂತು ಏದುಸಿರು ಬಿಟ್ಟ. ಮುದುಕಿಯೋ ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಇದ್ದಳು. ಹಾರುತ್ತಿದ್ದಾಗ ಅವನಿಗೆ ಏನಾದೀತೋ ಎಂದು ನಾನು ಒಮ್ಮೆಯೂ ಹೆದರಿದವನಲ್ಲ. ಅವತ್ತು ಹೆದರಿದೆ, ಅತ್ತೂಬಿಟ್ಟೆ.

ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಿದ್ದ ಟೇಲರ್ ಕೇಳಿದ, "ಹೆಂಗಿತ್ತು?"

"ಏನೈತಿ ಅದರಾಗ, ಬರೇ ಕತ್ತಲಿ," ಎಂದು ಹಸಿ ಸುಳ್ಳು ಹೇಳಿದೆ. ಅಷ್ಟು ವರ್ಷದ ಅಭಿಮಾನಿ, ಬೇರೇನು ಹೇಳಲಿ?

"ಅಪ್ಪಗ ಕಣ್ಣಾಗ ಧೂಳ ಬಿದ್ದಿತ್ರಿ ಕಾಕಾ," ಎಂದಳು ಮಗಳು.

ಮರುದಿನ ಅವಳು ಗೆಳತಿಯ ಮನೆಗೆಂದು ಹುಲಕೋಟಿಗೆ ಹೋದಳು. ನಮ್ಮ ಸೀರೆಯಲ್ಲಿ ಹಾಸು, ಅಂದರೆ ಉದ್ದಕ್ಕೆ ಬರುವ ಎಳೆಗಳು, ಮೈಗೆ ಬೇರೆ, ಸೆರಗಿಗೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಜೋಡಿಸಬೇಕು. ಅವಳು ಬರುವುದರೊಳಗೆ ಆ ಕೆಲಸ ಮುಗಿಸಿ ಖುಷಿಪಡಿಸೋಣವೆಂದು ಕುಳಿತೆ. ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಡತಿಗೆ ಆ ಮುದುಕಿಯ ಕಥೆಯನ್ನು ಮಹಡಿ ಮಹಡಿಯಾಗಿ ಹೇಳಿದೆ. ಕಥೆಯೂ ಮುಗಿಯಿತು, ಜೋಡಣೆಯೂ ಮುಗಿಯಿತು. "ಛಲೋ ಆತು," ಎಂದಳು ಹೆಂಡತಿ.

ಸಂಜೆ ಮಗಳು ಬಂದು ಬಾಗಿಲಲ್ಲೇ ನಿಂತಳು.

"ಅಪ್ಪಾ, ಇದು ಯಾರ ಸೀರಿ?"

ಆಗ ನೋಡಿದೆ. ಜೋಡಿಸಿದ್ದು ಕೆಂಪು ರೇಷ್ಮೆ. ಬೂದಿ ಬಣ್ಣದ್ದು ನನ್ನ ತಲೆಯ ಪಕ್ಕದ ಗೂಟದಲ್ಲೇ ನೇತಾಡುತ್ತಿತ್ತು. ಅಷ್ಟು ಹೊತ್ತು ಇಬ್ಬರೂ ನೋಡುತ್ತಲೇ ಇದ್ದರೂ ಕೆಂಪು ಸೆರಗು ಇಲ್ಲಿ ತಪ್ಪು ಎಂದು ನಮಗೆ ಹೊಳೆದೇ ಇರಲಿಲ್ಲ.

"ಒಲ್ಲೆ ಅಂತ ಬಾಯಿಲೆ ಹೇಳಬೇಕಿತ್ತು," ಎಂದು ಅವಳು ಒಳಗೆ ಹೋದಳು. ಬೇಕೆಂದೇ ಮಾಡಿದೆ ಎಂದುಕೊಂಡಿದ್ದಳು. ಕೈ ತಪ್ಪಿತು ಎಂದರೆ ಯಾರು ನಂಬುತ್ತಾರೆ? ನನಗೆ ವಿಪರೀತ ನಾಚಿಕೆಯಾಯಿತು.

ಕೆಂಪು ಎಳೆಗಳನ್ನು ಒಂದೊಂದಾಗಿ ಬಿಡಿಸಿ ಬೂದಿ ಬಣ್ಣದವನ್ನು ಜೋಡಿಸುತ್ತ ಬಂದೆ. ಈ ಸಲ ಬಾಯಿ ಮುಚ್ಚಿಕೊಂಡು, ಕಣ್ಣು ತೆರೆದುಕೊಂಡು. ಎರಡನೇ ದಿನ ಮಗಳು ಬಂದು ಎದುರಿಗೆ ಕುಳಿತು ಆ ಕಡೆಯಿಂದ ಜೋಡಿಸತೊಡಗಿದಳು.

"ಎಷ್ಟನೇ ಮಹಡಿಗೆ ಬಂದಿ, ಅಪ್ಪಾ?" ಎಂದು ಕೇಳಿದಳು. ಕಥೆಯ ಭರದಲ್ಲಿ ನನ್ನ ಕೈ ತಪ್ಪಿದ್ದನ್ನು ಅವಳವ್ವ ಹೇಳಿದ್ದಳು.

ಮುಂದೆ ನೇಯ್ದದ್ದೆಲ್ಲ ಅವಳೇ. ವ್ಯಾಪಾರಿ ಬಂದು ಸೀರೆ ಬಿಡಿಸಿದರು, ತಿರುವಿ ಹಾಕಿದರು. "ಕೆಂಪ ಎಲ್ಲೈತ್ರಿ?" ಎಂದರು.

"ಇಲ್ರಿ," ಎಂದಳು ಮಗಳು.

ಅವರು ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ವರ್ಷಗಳ ರೂಢಿಯಂತೆ ನನ್ನ ಕಡೆ ತಿರುಗಿ, "ಇಂಥಾವು ಇನ್ನ ಮೂರು ಮಾಡಿಕೊಡತೀರೇನ್ರಿ?" ಎಂದು ಕೇಳಿದರು.

"ಅಕೀನ್ನ ಕೇಳ್ರಿ," ಎಂದೆ. "ಸೀರಿ ಅಕೀದು. ನಾ ಎಳಿ ಜೋಡಸಾಂವ."