ಸೀಟಿಯ ಗಂಟಲು

ಬೀದಿಯವರೆಲ್ಲ ‘ಸೀಟಿ ಮಾವ’ ಎನ್ನುತ್ತಿದ್ದ ಆ ರೈಲು ಚಾಲಕರು, ತಮ್ಮ ಮನೆಯ ಹಿಂದಿನ ಹಳಿಯಲ್ಲಿ ಹಾದುಹೋಗುವಾಗಲೆಲ್ಲ ಹೆಂಡತಿಗೆಂದು ಉದ್ದಕ್ಕೆ ಸೀಟಿ ಊದುತ್ತಿದ್ದರು.

“ನಿಮ್ಮ ಸೀಟಿಗೆ ಗಂಟಲು ಕಟ್ಟಿದೆ ಕಣ್ರೀ. ಮನೆ ದಾಟಿದ ಕೂಡಲೇ ದನಿ ಇಳಿದುಹೋಗುತ್ತೆ,” ಎಂದರು ಹೆಂಡತಿ ಒಂದು ದಿನ.

ಸೀಟಿ ಮಾವನಿಗೆ ಮೂಗಿನ ತುದಿಗೆ ಸಿಟ್ಟು ಬಂತು. “ಊದೋನು ನಾನು! ಮೊದಲಿಂದ ಕೊನೇವರೆಗೂ ಒಂದೇ ಶ್ರುತಿ. ಅಲ್ಲ ಅಂತಾದ್ರೆ ಇನ್ನು ಮೇಲೆ ಪಾತ್ರೆ ತೊಳೆಯೋದು ನಂದೇ ಕೆಲಸ.”

ರಜೆಯ ದಿನ ಗೆಳೆಯನೊಬ್ಬ ಅದೇ ರೈಲನ್ನು ಓಡಿಸುತ್ತ, ಇವರು ಕೇಳಿಕೊಂಡಂತೆ ಉದ್ದಕ್ಕೆ ಸೀಟಿ ಊದಿದ. ಹಿತ್ತಿಲಲ್ಲಿ ನಿಂತ ಸೀಟಿ ಮಾವ ಕಿವಿಗೊಟ್ಟರು. ಬರುವಾಗ ಕೀರಲಾಗಿದ್ದ ದನಿ, ಮನೆ ದಾಟುತ್ತಲೇ ಗಡುಸಾಯಿತು!

ಓಡುವ ರೈಲು ಎದುರಿನವರತ್ತ ಸದ್ದಿನ ಅಲೆಗಳನ್ನು ಒತ್ತೊತ್ತಾಗಿ ಕಳಿಸುತ್ತದೆ, ಹಿಂದೆ ಉಳಿದವರತ್ತ ಬಿಡಿಬಿಡಿಯಾಗಿ. ಒತ್ತಾದರೆ ಶ್ರುತಿ ಏರುತ್ತದೆ, ಬಿಡಿಯಾದರೆ ಇಳಿಯುತ್ತದೆ. ಸೀಟಿಯ ಜೊತೆಗೇ ಓಡುವವರಿಗೆ ಅದು ತಿಳಿಯುವುದಾದರೂ ಹೇಗೆ?

“ಸೋತೆ ಮಾರಾಯ್ತಿ,” ಎಂದು ಗೊಣಗುತ್ತ ಅವರು ಪಾತ್ರೆಗಳತ್ತ ನಡೆದರು.

ಹೆಂಡತಿ ನಕ್ಕರು. “ನೀವೂ ಹಾಗೇ ಬಿಡಿ. ಊಟಕ್ಕೆ ಬರೋವಾಗ ಏರುದನಿ, ಪಾತ್ರೆ ತೊಳೆಯೋಕೆ ಹೋಗೋವಾಗ ಇಳಿದನಿ!”