ಭೂಗೋಳದ ಮಾಸ್ತರ ಡ್ರೋನ್

ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಇರಲಿಲ್ಲ. ಡ್ರೋನ್ ಕೊಂಡ ಹೊಸತರಲ್ಲಿ ಅದರ ರೆಕ್ಕೆ ತಾಗಿ ಹೋದದ್ದು. ಆಮೇಲೂ ಅದೇ ಬೆರಳಿನಿಂದ ರಿಮೋಟಿನ ಕಡ್ಡಿಯನ್ನು ಹಾಲಿನ ಕೆನೆ ಸರಿಸುವಷ್ಟು ಮೆಲ್ಲಗೆ ಒತ್ತುತ್ತಿದ್ದರು.

ಶಾಲೆಯಲ್ಲಿ ನನಗೆ ಭೂಗೋಳ ಕಲಿಸಿದ ಮಾಸ್ತರು ಅವರು. ನಾನು ಇಟ್ಟಂಗಿಹಾಳದ ಕುರಿ ಕಾಯುವ ಮನೆಯವಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು. ಹೇಳಿಕೊಳ್ಳಲು ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ಹತ್ತನೆಯ ತರಗತಿ ಮುಗಿದು ಮದುವೆಯ ಮಾತು ಎದ್ದಾಗ ಮಾಸ್ತರು ಹಟ್ಟಿಗೆ ಬಂದು, "ಈಕಿ ನಕಾಶಿ ಓದ್ತಾಳೋ ಯಪ್ಪಾ. ನನ್ನ ಮಕ್ಕಳಿಗೂ ಬರಂಗಿಲ್ಲ" ಎಂದರು. ನಕಾಶೆ ಎಂದರೇನೆಂದು ಅಪ್ಪನಿಗೆ ತಿಳಿಯಲಿಲ್ಲ. ಆದರೂ ಕಾಲೇಜಿಗೆ ಕಳಿಸಿದ.

ನಿವೃತ್ತಿಯ ನಂತರ ಅವರಿಗೆ ಹತ್ತಿದ ಹುಚ್ಚು ಡ್ರೋನ್. ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ. "ಮಂದಿ ಮಾರಿ ಕೆಳಗ ನಿಂತೂ ಕಾಣತೈತಿ" ಎನ್ನುತ್ತಿದ್ದರು. ವಿಜಯಪುರದಿಂದ ತಿಕೋಟಾ, ಬಬಲೇಶ್ವರದವರೆಗಿನ ನೆಲದ ವಿಡಿಯೊವನ್ನು ಮೇಲಿನಿಂದ ತೆಗೆದು ಶಾಲೆಯ ಮಕ್ಕಳಿಗೆ ತೋರಿಸಬೇಕು, ಅದೊಂದೇ ಆಸೆ. ಭಾನುವಾರ ಸ್ಕೂಟರಿನ ಹಿಂದೆ ಡ್ರೋನ್ ಪೆಟ್ಟಿಗೆ ಹಿಡಿದು ಕೂಡುವುದು ನನ್ನ ಕೆಲಸ. ಎರೆಹೊಲ ಸಿಕ್ಕಿತು, ಒಣದ್ರಾಕ್ಷಿಯ ಶೆಡ್ಡುಗಳು ಸಿಕ್ಕವು. ಅವರಿಗೆ ಸಾಲದು. "ಕಲ್ಲನೆಲ ಹಸರಾಗಿದ್ದು ಒಂದು ಜಾಗಾ ಸಿಗಬೇಕು ನೋಡು."

ಒಂದು ಬೆಳಿಗ್ಗೆ ತಿಕೋಟಾದ ಆಚೆ ಅದು ಸಿಕ್ಕಿತು. ದಿಬ್ಬದ ಹಿಂದೆ, ರಸ್ತೆಗೆ ಕಾಣದ ಹಾಗೆ, ಬೋಳು ಕಲ್ಲಿನ ನಡುವೆ ದ್ರಾಕ್ಷಿ ತೋಟ. ರಿಮೋಟಿನ ಪರದೆಯಲ್ಲಿ ಅದನ್ನು ಕಂಡು ಮಾಸ್ತರು ಡ್ರೋನನ್ನು ಅದರ ಮೇಲೆ ಎರಡು ಸುತ್ತು ಹಾಕಿಸಿದರು. ಡ್ರೋನ್ ಇಳಿಯುವಷ್ಟರಲ್ಲಿ ಒಬ್ಬ ಹೆಂಗಸು ಕುಡಗೋಲು ಹಿಡಿದೇ ಓಡಿ ಬಂದಳು.

"ಯಾರ್ರಿ ನೀವು? ಸರ್ವೇದವರೇನು? ಯಾರು ಕಳಿಸ್ಯಾರ?"

"ಯಾರೂ ಕಳಿಸಿಲ್ಲವಾ. ನಾ ಮಾಸ್ತರ. ಹವ್ಯಾಸಕ್ಕ ತಗ್ಯಾಕತ್ತೇನಿ."

"ನಿಮ್ಮ ಹವ್ಯಾಸಕ್ಕ ನನ್ನ ತ್ವಾಟನ ಬೇಕಾತೇನು?"

ಮಾಸ್ತರು ಪರದೆ ತೋರಿಸಿದರು. ಆಕೆ ಬಗ್ಗಿ ನೋಡಿ, "ಹಿಂಗ ಕಾಣತೈತೇನು" ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು. ಗಂಡ ತೀರಿದ ಮೇಲೆ ಮೈದುನರು ಬರೀ ಕಲ್ಲೆಂದು ಈ ತುಂಡನ್ನು ಅವಳಿಗೆ ಬಿಟ್ಟಿದ್ದರು. ಕಲ್ಲು ಆರಿಸಿ, ಮಣ್ಣು ಹೇರಿ ಆಕೆಯೇ ತೋಟ ಮಾಡಿದ್ದಳು. ಮೈದುನರು ಸೊಲ್ಲಾಪುರದಲ್ಲಿದ್ದರು, ಇತ್ತ ಸುಳಿಯುತ್ತಿರಲಿಲ್ಲ. ಪಾಲಿನ ಕಾಗದ ಮಾತ್ರ ಇನ್ನೂ ಆಗಿರಲಿಲ್ಲ.

"ಮೊಬೈಲಿನ್ಯಾಗ ತಿರಗಿ ಇದು ಅವರಿಗೆ ಮುಟ್ಟಿತಂದ್ರ, ಪಾಲು ಮತ್ತ ಮಾಡೂಣು ಅಂತಾರ್ರಿ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ."

ಮಾಸ್ತರ ಹೆಬ್ಬೆರಳು ಅಳಿಸುವ ಗುಂಡಿಯತ್ತ ಹೋಯಿತು. "ಕಾಗದ ಆದ ಮ್ಯಾಲ ತೋರಿಸೂಣಲ್ರಿ ಸರ್, ಅಳಿಸೂದ್ಯಾಕ?" ಎಂದೆ ನಾನು.

"ಇದು ನನ್ನ ಕಿಸೇದಾಗ ಇರೂತನಕ ಆಕಿಗೆ ನಿದ್ದಿ ಹತ್ತಂಗಿಲ್ಲ."

ಆಕೆಯ ಎದುರಿಗೇ ಅಳಿಸಿದರು. ಅಳಿಸಿದ್ದು ಹೌದೋ ಅಲ್ಲವೋ ಎಂದು ಆಕೆ ನನ್ನ ಮುಖ ನೋಡಿದಳು, ತಲೆಯಾಡಿಸಿದೆ. ಹೊರಡುವಾಗ ಎರಡು ಗೊಂಚಲು ದ್ರಾಕ್ಷಿ ಕೊಟ್ಟು, "ಮತ್ತ ಬರ್ರಿ ಮಾಸ್ತರ. ಆ ಹಾರೂದನ್ನ ಮನ್ಯಾಗ ಇಟ್ಟು ಬರ್ರಿ" ಎಂದಳು.

ತಿಕೋಟಾ ದಾಟಿದರೂ ನಾನು ದ್ರಾಕ್ಷಿ ಬಾಯಿಗಿಡಲಿಲ್ಲ.

"ಸಿಟ್ಟಾದಿ ಏನಬೇ?"

"ಹೂಂ ರಿ."

"ಆಗು" ಎಂದು ಸ್ಕೂಟರ್ ಓಡಿಸಿದರು.

ಮಾಸ್ತರು ಹೋದ ವರ್ಷ ತೀರಿಕೊಂಡರು. ಅವರ ಮಗ ಡ್ರೋನನ್ನೂ ಅವರು ಮುಗಿಸಿಟ್ಟ ವಿಡಿಯೊ ಚಿತ್ರವನ್ನೂ ನನಗೆ ತಂದುಕೊಟ್ಟ. ಈಗ ನಾನೂ ಭೂಗೋಳ ಕಲಿಸುತ್ತೇನೆ, ತೊರವಿಯಲ್ಲಿ. ನನ್ನ ತರಗತಿಯಲ್ಲೇ ಅದನ್ನು ಮೊದಲ ಸಲ ಹಾಕಿದೆ. ಎರೆಹೊಲ ಬಂತು, ಶೆಡ್ಡುಗಳು ಬಂದವು, ಹುಡುಗರು ತಮ್ಮೂರು ಹುಡುಕುತ್ತ ಗದ್ದಲ ಹಾಕಿದರು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು.

"ಟೀಚರ್, ಕರೆಂಟ್ ಹೋತು!"

ಚಿತ್ರದೊಳಗಿಂದ ಮಾಸ್ತರ ದನಿ ಕೇಳಿಸಿತು. "ಕರೆಂಟ್ ಹೋಗಿಲ್ಲ, ಕುಂಡರ್ರಿ. ಒಬ್ಬಾಕಿ ಕಲ್ಲಿನ್ಯಾಗ ತ್ವಾಟ ಮಾಡ್ಯಾಳ. ಭಾಳ ಚಂದ ಐತಿ. ಎಲ್ಲಿ ಅಂತ ಹೇಳಂಗಿಲ್ಲ, ತೋರಸಂಗೂ ಇಲ್ಲ."

ಗದ್ದಲ ನಿಂತಿತು. ಅಷ್ಟೂ ಚಿತ್ರದಲ್ಲಿ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದ್ದು ಆ ಕಪ್ಪು ಪರದೆಯನ್ನೇ.