ಅಕ್ಕನ ಜೊತೆಗೆ ಕಾಲೇಜಿಗೆ ಹೋದ ದಿನ

ನಾನು ಕಾಲೇಜು ಸೇರಲು ಹೋದದ್ದು ಓದುವ ಆಸೆಯಿಂದಲ್ಲ, ಅಕ್ಕನಿಗೆ ಕಾವಲಾಗಿ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಹೊಳೆನರಸೀಪುರದ ಪೇಟೆ ಬೀದಿಯಲ್ಲಿತ್ತು. ಮನೆಯ ಮುಂದಿನ ಜಗಲಿಯೇ ಅಪ್ಪನ ಟೈಲರ್ ಅಂಗಡಿ. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾಲ್ಕು ವರ್ಷದಿಂದ ಮನೆಯಲ್ಲೇ ಕೂತು ಗುಂಡಿ ಹಾಕುತ್ತ, ಕಾಜಾ ಹೊಲಿಯುತ್ತ ಇದ್ದಳು. ಅದೇ ಪರೀಕ್ಷೆಯನ್ನು ನಾನು ಎರಡನೇ ಸಲಕ್ಕೆ ಹೇಗೋ ದಾಟಿದ್ದೆ.

ನನಗೆ ಬೇಕಾದದ್ದು ಬೇರೆ. ಅರಕಲಗೂಡಿನಲ್ಲಿ ನನ್ನ ಸೋದರಮಾವ ಅಕ್ಕಿ ಗಿರಣಿಯೊಂದರ ಡೀಸೆಲ್ ಇಂಜಿನ್ ನೋಡಿಕೊಳ್ಳುತ್ತಿದ್ದ. ರಜೆಗೆ ಹೋದಾಗಲೆಲ್ಲ ನಾನು ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಒಂದು ಸಲ ಮಾವ ಹ್ಯಾಂಡಲನ್ನು ನನ್ನ ಕೈಗೇ ಕೊಟ್ಟಿದ್ದ. ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಇಂಜಿನ್ ಹಿಡಿದುಕೊಂಡಿತು. ಆವತ್ತಿನಿಂದ ಪುಸ್ತಕದ ಮುಂದೆ ಕೂತರೆ ನನ್ನ ಕಾಲು ತಾನಾಗಿಯೇ ಕುಣಿಯುತ್ತಿತ್ತು.

ಅಕ್ಕ ಹಾಸನದ ಕಾಲೇಜಿನ ಮಾತೆತ್ತಿದಾಗ ಅಪ್ಪ ಮೊದಲು ಒಪ್ಪಲಿಲ್ಲ.

“ದಿನಾ ರೈಲಲ್ಲಿ ಆಸನಕ್ಕೆ ಒಬ್ಳೇ ಓಗಿ ಬತ್ತೀಯಾ? ನೋಡ್ದೋರು ಏನಂದಾರು?” ಎಂದ. ಅವಳು ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅಪ್ಪ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, “ಇವ್ನೂ ಸೇರ್ಲಿ. ಇಬ್ರೂ ಒಂದೇ ಕ್ಲಾಸ್ನಲ್ಲಿ ಕೂತ್ಕಳಿ. ಅಂಗಾದ್ರೆ ಓದು, ಇಲ್ದಿದ್ರೆ ಬ್ಯಾಡ” ಅಂದುಬಿಟ್ಟ.

ನನ್ನನ್ನು ಯಾರೂ ಕೇಳಲಿಲ್ಲ. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೆ. ನಾನು ಸುಮ್ಮನೆ ತಲೆಯಾಡಿಸಿದೆ.

ಊರಿನ ಮೇಷ್ಟರೊಬ್ಬರು ಪಿ.ಯು.ಸಿ. ಅರ್ಜಿಗಳನ್ನು ತರಿಸಿಕೊಟ್ಟರು. ಅಪ್ಪ ಎರಡಕ್ಕೂ ಸಹಿ ಹಾಕಿದ. ನನಗೊಂದು ಬಿಳಿ ಶರಟು, ಜೀವನದ ಮೊದಲ ಪ್ಯಾಂಟು ಹೊಲಿದುಕೊಟ್ಟ. ಆ ಪ್ಯಾಂಟು ಹಾಕಿಕೊಂಡು ಸ್ಟೇಷನ್ನಿಗೆ ನಡೆಯುವಾಗ ಯಾರದೋ ಕಾಲು ಕಟ್ಟಿಕೊಂಡು ಹೋಗುತ್ತಿರುವ ಹಾಗಿತ್ತು. ರೈಲಿನಲ್ಲಿ ಅಕ್ಕ ಕಿಟಕಿಯ ಬದಿ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಎರಡೂ ಅರ್ಜಿಗಳನ್ನು ತುಂಬಿದಳು. ನಾನು ಹಾಸನ ಬರುವ ತನಕ ಬಾಗಿಲಲ್ಲೇ ನಿಂತಿದ್ದೆ. ಕಣ್ಣಿಗೆ ಕಲ್ಲಿದ್ದಲ ಕಿಡಿ ಬಿದ್ದರೂ ಒಳಗೆ ಹೋಗಿ ಕೂರುವ ಮನಸ್ಸಾಗಲಿಲ್ಲ.

ಕಾಲೇಜಿನ ಆಫೀಸಿನ ಮುಂದೆ ಉದ್ದನೆಯ ಸಾಲು. ಎಲ್ಲರ ಕೈಯಲ್ಲೂ ಟಿ.ಸಿ., ಮಾರ್ಕ್ಸ್ ಕಾರ್ಡು. ಸಾಲಿನಲ್ಲಿ ಹೆಣ್ಣುಮಕ್ಕಳು ನಾಲ್ಕೋ ಐದೋ, ಒಬ್ಬೊಬ್ಬರ ಹಿಂದೆಯೂ ಒಬ್ಬ ಅಪ್ಪ ಇಲ್ಲವೇ ಅಣ್ಣ. ಅಕ್ಕನ ಹಿಂದೆ ನಾನು. ಅವಳ ಭುಜದ ಮೇಲಿಂದ ಇಣುಕಿದೆ. ಅರ್ಜಿಯಲ್ಲಿ ಎಲ್ಲ ತುಂಬಿತ್ತು, ವಿಷಯದ ಜಾಗ ಮಾತ್ರ ಖಾಲಿ. ಅವಳು ಪೆನ್ನು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಎರಡರಲ್ಲೂ ಆರ್ಟ್ಸ್ ಎಂದು ಬರೆದಳು.

“ನಿಂಗೆ ಸೈನ್ಸ್ ತಾನೇ ಬೇಕಾಗಿದ್ದು?” ಅಂದೆ.

“ನಿನ್ನ ಮಾರ್ಕ್ಸಿಗೆ ಸೈನ್ಸ್ ಎಲ್ಲಿ ಕೊಟ್ಟಾರು?”

“ನಾನು ಆರ್ಟ್ಸ್‌ಗೋಯ್ತೀನಿ, ನೀನು ಸೈನ್ಸ್‌ಗೋಗು.”

“ಒಂದೇ ಕ್ಲಾಸು ಅಂದವ್ನೆ ಅಪ್ಪ. ನಾಳೆ ಗೊತ್ತಾದ್ರೆ ಎರಡೂ ಇಲ್ಲ. ಸುಮ್ನಿರು.”

ಅಷ್ಟರಲ್ಲಿ ಗುಮಾಸ್ತರು ಊಟಕ್ಕೆ ಎದ್ದು ಕಿಟಕಿ ಮುಚ್ಚಿದರು. ಮತ್ತೆ ತೆರೆಯುವುದು ಮಧ್ಯಾಹ್ನ ಎರಡಕ್ಕೆ. ನಾವು ಹೊರಗೆ ಮರದ ಕೆಳಗೆ ಕೂತು, ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದೆವು. ಅಕ್ಕ ಅರ್ಧ ರೊಟ್ಟಿಗೇ ಎದ್ದಳು. ಎದುರಿನ ಕಟ್ಟಡದಲ್ಲಿ ಲ್ಯಾಬು. ಅವಳು ಕಿಟಕಿಯ ಸರಳು ಹಿಡಿದು, ತುದಿಗಾಲಲ್ಲಿ ನಿಂತು ಒಳಗೆ ನೋಡತೊಡಗಿದಳು. ಗಾಜಿನ ಬುರುಡೆ, ತಕ್ಕಡಿ, ಇನ್ನೇನೇನೋ. ನಾನು ಇಂಜಿನ್ ನೋಡುತ್ತಿದ್ದುದು ಹೀಗೇ.

ನನಗೆ ಕೂರಲಾಗಲಿಲ್ಲ. ಎದ್ದೆ, ಮರವನ್ನು ಎರಡು ಸುತ್ತು ಹಾಕಿದೆ, ಮತ್ತೆ ಕೂತೆ. ಎರಡು ಗಂಟೆಯಾದರೆ ಆ ಕಿಟಕಿ ತೆರೆಯುತ್ತದೆ, ನನಗೆ ಬೇಡದ ಜಾಗದಲ್ಲಿ ನಾನು, ಅವಳಿಗೆ ಬೇಡದ ಜಾಗದಲ್ಲಿ ಅವಳು, ಬೆಂಚಿನ ಮೇಲೆ ವರ್ಷವಿಡೀ. ಮೈಯೆಲ್ಲ ಇರುವೆ ಹರಿದ ಹಾಗಾಯಿತು. “ನೀರು ಕುಡ್ಕೊಂಡ್ ಬತ್ತೀನಿ” ಎಂದು ಕೂಗಿ ಹೇಳಿ ಗೇಟು ದಾಟಿದೆ.

ನಿಜವಾಗಿಯೂ ನೀರು ಕುಡಿಯಲೆಂದೇ ಹೊರಟಿದ್ದೆ. ಕಾಲು ಬಸ್‌ಸ್ಟ್ಯಾಂಡಿನ ಕಡೆ ನಡೆಯಿತು. ಅಲ್ಲಿ ಅರಕಲಗೂಡಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಕಂಡಕ್ಟರ್ “ಬತ್ತೀಯೇನಪ್ಪಾ?” ಎಂದ. ಹತ್ತಿದೆ. ಊರು ದಾಟುವಾಗ ಇಳಿದುಬಿಡೋಣ ಅನ್ನಿಸಿತು. ಮುಂದಿನ ಸ್ಟಾಪಿನಲ್ಲಿ ಇಳಿಯೋಣ, ಅದರ ಮುಂದಿನದರಲ್ಲಿ ಇಳಿಯೋಣ ಎಂದುಕೊಳ್ಳುತ್ತ ಅರಕಲಗೂಡೇ ಬಂತು.

ಗಿರಣಿಯ ಹೊಟ್ಟಿನ ಧೂಳಿನಲ್ಲಿ ಮಾವ ಬೆಲ್ಟು ಜಾರದಂತೆ ಅದಕ್ಕೆ ರಾಳ ಹಾಕುತ್ತಿದ್ದ. ನನ್ನ ಹೊಸ ಪ್ಯಾಂಟು ನೋಡಿ ನಕ್ಕ. “ಏನ್ಲಾ, ಮದ್ವೆ ಗಂಡು ಬಂದಂಗ್ ಬಂದ್ಬುಟ್ಟಿದ್ದೀಯ? ಇಬ್ರೂ ಕಾಲೇಜಿಗೆ ಸೇರಕ್ಕೋಯ್ತೀರ ಅಂದಿದ್ರು, ಅಕ್ಕ ಎಲ್ಲವ್ಳೆ?”

“ಕಾಲೇಜ್ತಾವ ಅವ್ಳೆ.”

“ಯಾರ ಜೊತೆ?”

ನಾನು ಪ್ಯಾಂಟಿಗೆ ಅಂಟಿದ್ದ ಹೊಟ್ಟು ಕೊಡವತೊಡಗಿದೆ. ಮಾವನ ನಗು ನಿಂತಿತು. ಇನ್ನೂ ಬತ್ತ ತುಂಬಿದ ಮೂಟೆಗಳು ಸಾಲಾಗಿ ಬಿದ್ದಿದ್ದರೂ ಅವನು ಇಂಜಿನ್ ಆರಿಸಿದ. ಆ ಸದ್ದು ಇಳಿಯುತ್ತ ಇಳಿಯುತ್ತ ನಿಂತಾಗಲೇ ನಾನು ಏನು ಮಾಡಿದ್ದೇನೆಂದು ನನಗೆ ಗೊತ್ತಾದದ್ದು. “ಎಣ್ಮಗೀನ ಒಂಟಿಯಾಗಿ ಬಿಟ್ಬುಟ್ಟು ಬಂದಿದ್ದೀಯಲ್ಲೋ ಬೇವರ್ಸಿ. ನಾವು ಆಸನ ಸೇರೋಷ್ಟ್ರಲ್ಲಿ ಅವ್ಳು ರೈಲತ್ತಿರ್ತಾಳೆ, ನಡಿ ಮನೆಗೆ” ಎಂದು ನನ್ನ ಕುತ್ತಿಗೆಪಟ್ಟಿ ಹಿಡಿದು ಹೊಳೆನರಸೀಪುರದ ಬಸ್ಸಿಗೆ ತಳ್ಳಿ, ತಾನೂ ಹತ್ತಿದ. ಬಸ್ಸು ಹಳ್ಳಿ ಹಳ್ಳಿಗೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನನ್ನ ಕಣ್ಣ ಮುಂದೆ ಅಕ್ಕ ಆ ಗೇಟಿನಲ್ಲಿ ನಿಂತಿರುವುದು ಬರುತ್ತಿತ್ತು.

ಮನೆ ತಲುಪಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅಪ್ಪ ಯಂತ್ರದ ಮುಂದೆ ಇದ್ದ, ಆದರೆ ಹೊಲಿಯುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು, “ನಾನೇ ಅವ್ನನ್ನ ಮಾವನ ಅತ್ರ ಓಗು ಅಂದೆ ಅಪ್ಪ. ಅವ್ನಿಗೆ ಸೀಟು ಬೇಕಾಗಿರ್ಲಿಲ್ಲ. ನಾನು ಸೈನ್ಸ್ ತಗೊಂಡೆ” ಎಂದಳು.

ಆಮೇಲೆ ಅವ್ವನ ಬಾಯಿಂದ ಪೂರ್ತಿ ಕೇಳಿದೆ. ಮೂರು ಗಂಟೆಯವರೆಗೂ ಅಕ್ಕ ಗೇಟಿನಲ್ಲಿ ಕಾದಳಂತೆ. ಸಾಲು ಕರಗುತ್ತ ಬಂತಂತೆ. ಕೊನೆಗೆ ತನ್ನ ಅರ್ಜಿಯಲ್ಲಿ ಆರ್ಟ್ಸ್ ಎಂಬುದನ್ನು ಹೊಡೆದು ಸೈನ್ಸ್ ಎಂದು ಬರೆದಳಂತೆ. ತಿದ್ದಿದ ಅರ್ಜಿ ಆಗುವುದಿಲ್ಲ, ಪ್ರಿನ್ಸಿಪಾಲರ ಸಹಿ ಬೇಕು ಎಂದರಂತೆ ಗುಮಾಸ್ತರು. ಒಳಗೆ ಹೋದಳು. ಯಾಕಮ್ಮ ಹೊಡೆದು ಹಾಕಿದೆ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ, “ಮೊದಲು ತಮ್ಮನ ಮಾರ್ಕ್ಸ್ ನೋಡಿ ಬರೆದಿದ್ದೆ ಸಾರ್. ಈಗ ನನ್ನ ಮಾರ್ಕ್ಸ್ ನೋಡಿ ಬರೆದಿದ್ದೀನಿ” ಎಂದಳಂತೆ. ಅವರು ಸಹಿ ಹಾಕಿದರು.

ಆ ಸಂಜೆ ಜಗಲಿಯಲ್ಲಿ, ಅಪ್ಪ ನನ್ನನ್ನು ಹೊಡೆಯುತ್ತಾನೆಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ.

“ರೈಲಲ್ಲಿ ಒಬ್ಳೇ ಬಂದ್ಯಾ?” ಎಂದು ಅವಳನ್ನು ಕೇಳಿದ.

“ಊ.”

“ಯಾರಾದ್ರೂ ಏನಾದ್ರೂ ಅಂದ್ರಾ?”

“ಒಬ್ಬಜ್ಜಿ ಸರ್ಕೊಂಡು ಜಾಗ ಕೊಡ್ತು. ಯಾರ ಮಗ್ಳವ್ವಾ ನೀನು ಅಂತು. ಟೈಲರ್ ಮಗ್ಳು ಅಂದೆ.”

ಅಪ್ಪ ಕತ್ತರಿಯನ್ನು ಕೈಯಲ್ಲಿ ಒಂದೆರಡು ಸಲ ತಿರುಗಿಸಿ ಕೆಳಗಿಟ್ಟ. ಆಮೇಲೆ, “ಬೆಳಗಿನ ರೈಲಿಗೆ ಒತ್ತುಟ್ಟೋಕ್ ಮುಂಚೆ ಎದ್ದೇಳ್ಬೇಕಾಯ್ತದೆ ಕಣಮ್ಮ” ಎಂದ.

ಆ ವಾರವೇ ನಾನು ಮಾವನ ಜೊತೆ ಅರಕಲಗೂಡಿಗೆ ಹೋದೆ. ಇಂಜಿನ್ ಕೆಲಸ ಕಲಿತೆ, ಅದರಲ್ಲೇ ಬದುಕು ಕಟ್ಟಿಕೊಂಡೆ. ಅಕ್ಕ ಬಿ.ಎಸ್ಸಿ. ಮುಗಿಸಿ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಅವಳ ಮನೆಗೆ ಮೊದಲ ಸಲ ಹೋದಾಗ ಪಕ್ಕದ ಮನೆಯವರೊಬ್ಬರು ಬಂದು, “ಅಕ್ಕನಿಗೋಸ್ಕರ ಓದೇ ಬಿಟ್ಟರಂತಲ್ಲ ನೀವು, ಎಂಥಾ ತಮ್ಮ!” ಎಂದರು. ಅವ್ವನೇ ಈ ಕಥೆ ಹಬ್ಬಿಸಿದ್ದು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅವರು ಹೋದ ಮೇಲೆ, “ಅವತ್ತು ನಾನು ನಿನಗೋಸ್ಕರ ಓಗ್ಲಿಲ್ಲ ಕಣಕ್ಕ. ತಡೆಯಕ್ಕಾಗ್ದೆ ಓಡೋದೆ” ಎಂದೆ.

“ನಂಗೊತ್ತು” ಎಂದಳು. “ನೀನು ಯಾವ್ದೋ ಲಾರಿಗೆ ಸಿಕ್ಕೊಂಡೆ ಅಂತ ಗೇಟ್ನಲ್ಲಿ ಅತ್ತಿದ್ದೆ ಕಣೋ. ಅದೊಂದನ್ನ ಮಾತ್ರ ನಾನು ಮರೆಯಲ್ಲ” ಎಂದಳು.

ಅವಳು ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ಹತ್ತಿರ ಎಳೆದುಕೊಂಡು ತಿದ್ದತೊಡಗಿದಳು.